ಮೆತ್ತಗಿದ್ದರೆ ಮತ್ತೊಂದು ಗುದ್ದು?

ಹೋದ ಭಾನುವಾರದ ಮಾತು. ಚರ್ಚ್ ಮುಗಿಸಿಕೊಂಡು ರಾಸ್‌ಬಿಹಾರಿಯಲ್ಲಿ ಟಾಲಿಗಂಜ್ ಕಡೆಗೆ ಹೋಗುವ ಶೇರ್ ಆಟೋ ಹತ್ತಿದೆ. ಮೆಟ್ರೋ ಸ್ಟೇಷನ್ ಹತ್ತಿರ ಇಳಿದು ನೂರರ ನೋಟು ಕೊಟ್ಟೆ. ಕಲ್ಕತ್ತೆಯಲ್ಲಿ ಇದ್ದವರಿಗೆ ಮುಂದಿನದು ಗೊತ್ತೇ ಇರುತ್ತೆ. ಆಟೋದ ಹುಡುಗ "ಖುಚರೊ" ಅಂದ. ಚಿಲ್ಲರೆ ಇಲ್ಲ ಅಂದೆ. ಹತ್ತುವ ಮೊದಲೇ ಹೇಳಬೇಕಿತ್ತು ಅಂದ. ಅಷ್ಟೇ ನೋಡಿ, ನನಗೆ ಎಲ್ಲಿತ್ತೋ ಸಿಟ್ಟು! ನನ್ನ ಮಗನಿಗಿಂತ ಚಿಕ್ಕವನನ್ನು ನಡುರಸ್ತೆಯಲ್ಲಿ "ತುಯಿ" ಅಂತ ಏಕವಚನದಲ್ಲಿ ಕೂಗಾಡಿಬಿಟ್ಟೆ. ಅವನು ಪಕ್ಕದ ಚಹಾ ಅಂಗಡಿಯಲ್ಲಿ ನೋಟು ಮುರಿಸಿ ತಂದು, "ಕಾಕು, ರಾಗ್ ಕೋರ್ಬೇನ್ ನಾ" (ಸಿಟ್ಟಾಗಬೇಡಿ ಚಿಕ್ಕಪ್ಪ) ಅಂತ ಹೇಳಿ ಹೋದ. ಕಂಕುಳಲ್ಲಿ ಕನ್ನಡ ಬೈಬಲ್ ಇಟ್ಟುಕೊಂಡು ನಾನು ಅಲ್ಲೇ ನಿಂತಿದ್ದೆ. ನಮ್ಮಿಬ್ಬರಲ್ಲಿ ಕ್ರೈಸ್ತ ಯಾರು ಅಂತ ದಾರಿಹೋಕರನ್ನು ಕೇಳಿದ್ದರೆ ಅವನನ್ನೇ ತೋರಿಸುತ್ತಿದ್ದರೇನೋ.

ಅವತ್ತಿನಿಂದ ಒಂದು ಪದ ತಲೆಯಲ್ಲಿ ಕೂತಿದೆ. ಪೌಲನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪವಿತ್ರಾತ್ಮನ ಫಲಗಳ ಪಟ್ಟಿ ಬರುತ್ತಲ್ಲ, ಅದರಲ್ಲಿ ನಮ್ಮ ಹಳೆಯ ಕನ್ನಡ ಬೈಬಲ್ಲು ಬಳಸಿರುವ ಪದ 'ಸಾಧುತ್ವ'. ಎಂಥ ಪದ ನೋಡಿ! ಧಾರವಾಡದ ಕಡೆ ನಾವು ಎತ್ತಿಗೂ 'ಭಾಳ ಸಾಧು ಅದ' ಅಂತೀವಿ. ಸಾಧು ಎತ್ತು ಅಂದರೆ ಶಕ್ತಿ ಇಲ್ಲದ ಎತ್ತು ಅಲ್ಲ. ಹೇರು ಎಳೆಯುವುದು ಅದೇ, ಹೊಲ ಊಳುವುದೂ ಅದೇ. ಕೊಂಬಿದ್ದರೂ ಹಾಯುವುದಿಲ್ಲ, ಅಷ್ಟೇ. ಕೊಂಬೇ ಇಲ್ಲದ ಎತ್ತನ್ನು ಹಾಯುವುದಿಲ್ಲ ಅಂತ ಯಾರೂ ಹೊಗಳುವುದಿಲ್ಲ.

ಇದನ್ನೇ ಸ್ವಲ್ಪ ಮುಂದಕ್ಕೆ ಎಳೆದರೆ ನನ್ನಂಥವರಿಗೆ ಕಷ್ಟವಾಗುತ್ತೆ. ಆಫೀಸಿನಲ್ಲಿದ್ದಷ್ಟು ದಿನ ಮೇಲಿನ ಸಾಹೇಬರ ಮುಂದೆ ನಾನು ಬಹಳ ಸೌಮ್ಯ ಮನುಷ್ಯ. ಅದು ಸಾಧುತ್ವವೇ? ಅಲ್ಲ, ಸಂಬಳದ ಭಯ. ನನ್ನ ಕೊಂಬು ಎಲ್ಲಿ ನಾಟುತ್ತದೋ ಅಲ್ಲಿ, ಅಂದರೆ ನನಗೆ ತಿರುಗಿ ಮಾತಾಡಲಾಗದವರ ಮುಂದೆ ನಾನು ಹೇಗಿರುತ್ತೇನೆ ಅನ್ನುವುದೇ ನಿಜವಾದ ಪರೀಕ್ಷೆ. ಆ ಪರೀಕ್ಷೆಯಲ್ಲಿ ನಾನು ಫೇಲಾದ ಕಥೆಯೊಂದಿದೆ. ಹೇಳಿಬಿಡುತ್ತೇನೆ.

ನಾನು ಇಲ್ಲಿಗೆ ಬಂದದ್ದು 1985ರಲ್ಲಿ. ಆಗ ಟಾಲಿಗಂಜಿಗೆ ಮೆಟ್ರೋ ಇನ್ನೂ ಬಂದಿರಲಿಲ್ಲ, ಬಂದದ್ದು ಮರುವರ್ಷದ ಏಪ್ರಿಲ್‌ನಲ್ಲಿ. ಆ ಸ್ಟೇಷನ್ನಿಗೆ 2009ರಲ್ಲಿ ಮಹಾನಾಯಕ ಉತ್ತಮ್ ಕುಮಾರ್ ಅಂತ ಹೆಸರಿಟ್ಟರೂ ನಮ್ಮ ಬಾಯಲ್ಲಿ ಅದು ಟಾಲಿಗಂಜ್ ಮೆಟ್ರೋನೇ. ನಮ್ಮ ಮನೆಗೆ ಇಪ್ಪತ್ತು ವರ್ಷ ಒಬ್ಬ ಮಾಶಿ ಕೆಲಸಕ್ಕೆ ಬರುತ್ತಿದ್ದರು. ಲಕ್ಷ್ಮೀಕಾಂತಪುರ ಲೈನಿನ ಲೋಕಲ್ಲಿನಲ್ಲಿ ಬೆಳಗಿನ ಜಾವ ಹೊರಟು, ಜಾದವಪುರದಲ್ಲಿ ಇಳಿದು, ಏಳಕ್ಕೆಲ್ಲ ನಮ್ಮ ಬಾಗಿಲು ಬಡಿಯುತ್ತಿದ್ದರು. ದಕ್ಷಿಣ ಕಲ್ಕತ್ತೆಯ ಅಡುಗೆಮನೆಗಳು ನಡೆಯುವುದೇ ಈ ರೈಲುಗಳಿಂದ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ರೈಲು ನಿಂತವು. ಮೇ 20ಕ್ಕೆ ಆಂಫಾನ್ ಚಂಡಮಾರುತ ಬಂತು. ಲೋಕಲ್ ರೈಲು ಮತ್ತೆ ಓಡಿದ್ದು ನವೆಂಬರ್ 11ಕ್ಕೆ. ಮೊದಲ ಎರಡು ತಿಂಗಳು ಮಾಶಿಗೆ ಸಂಬಳ ಕಳಿಸಿದೆ. ಆಮೇಲೆ ನಿಲ್ಲಿಸಿದೆ. ನಿಲ್ಲಿಸಲೇಬೇಕಾದ ಕಷ್ಟವೇನೂ ನನಗಿರಲಿಲ್ಲ.

ರೈಲು ಶುರುವಾದ ವಾರದಲ್ಲೇ ಅವರು ಮೊಮ್ಮಗಳನ್ನೂ ಕರೆದುಕೊಂಡು ಬಂದರು. ಕೆಲಸ ಮುಗಿಸಿ, ಗಾಳಿಗೆ ಹಾರಿಹೋದ ಮಾಡು ಹಾಕಿಸಬೇಕು, ಸ್ವಲ್ಪ ಮುಂಗಡ ಕೊಡಿ ಅಂತ ಕೇಳಿದರು. ನಾನು ಏನಂದೆ ಗೊತ್ತಾ? "ಎಂಟು ತಿಂಗಳು ಕೆಲಸ ಮಾಡದೆ ಕೂತು, ಬಂದ ಕೂಡಲೇ ದುಡ್ಡು ಕೇಳ್ತೀಯಲ್ಲ, ನಾಚಿಕೆ ಆಗಲ್ವಾ?" ಅವರು ಏನೂ ಹೇಳಲಿಲ್ಲ. ಮೊಮ್ಮಗಳ ಕೈ ಹಿಡಿದುಕೊಂಡು ಹೋದವರು ಮರುದಿನ ಬರಲಿಲ್ಲ.

ಹದಿನೈದು ದಿನ ಬಿಟ್ಟು, ಹೆಂಡತಿಯ ಒತ್ತಾಯಕ್ಕೆ, ರೈಲು ಹತ್ತಿ ಅವರ ಊರಿಗೆ ಹೋದೆವು. ಮಾಡಿಗೆ ನೀಲಿ ಪ್ಲಾಸ್ಟಿಕ್ ಕಟ್ಟಿದ್ದರು. ಕೂರಿಸಿ ಚಹಾ ಕೊಟ್ಟರು. ತಪ್ಪಾಯಿತು ಅಂದೆ. ನಿಲ್ಲಿಸಿದ ತಿಂಗಳುಗಳ ಸಂಬಳ ಮುಂದಿಟ್ಟೆ. ಅದು ದಾನವಲ್ಲ, ಬಾಕಿ. ಅವರು ತೆಗೆದುಕೊಂಡರು. ಆಮೇಲೆ ಹೇಳಿದ ಮಾತು ಇದು: "ನೀವು ದುಡ್ಡು ಇಲ್ಲ ಅಂದಿದ್ದರೆ ಆಗುತ್ತಿತ್ತು ಬಾಬು. ಮೊಮ್ಮಗಳ ಮುಂದೆ ಅಂದುಬಿಟ್ಟಿರಿ." ಮತ್ತೆ ಅವರು ನಮ್ಮ ಮನೆಗೆ ಬರಲಿಲ್ಲ. ಬೇರೆ ಕಡೆ ಕೆಲಸ ಸಿಕ್ಕಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ, ಕ್ಷಮೆ ಕೇಳಿದರೂ ಎಲ್ಲವೂ ವಾಪಸ್ ಬರುವುದಿಲ್ಲ.

ಈ ಊರಲ್ಲಿ ಕ್ರೈಸ್ತ ಕರುಣೆ ಅಂದ ತಕ್ಷಣ ಎಲ್ಲರೂ ಮದರ್ ತೆರೇಸಾ ಕಡೆ ಕೈ ತೋರಿಸುತ್ತಾರೆ. ಅವರು 1952ರಲ್ಲಿ ಶುರುಮಾಡಿದ ನಿರ್ಮಲ ಹೃದಯ ಕಾಳಿಘಾಟಿನಲ್ಲಿದೆ, ನಮ್ಮ ಮನೆಯಿಂದ ದೂರವೇನಿಲ್ಲ. ಆದರೆ ನನಗೆ ಇದರಲ್ಲಿ ಒಂದು ಜಾಣತನ ಕಾಣುತ್ತೆ. ಸಾಧುತ್ವವನ್ನೆಲ್ಲ ನೀಲಿ ಅಂಚಿನ ಸೀರೆಗೆ ವಹಿಸಿಕೊಟ್ಟು ನಾವು ನಿಶ್ಚಿಂತೆಯಾಗಿ ಆಟೋದವನ ಜೊತೆ ಜಗಳಕ್ಕೆ ಹೋಗಬಹುದು. ಅದು ಸಂತರ ಕೆಲಸ, ನಮ್ಮದಲ್ಲ!

ನನಗೆ ಹೆಚ್ಚು ಹತ್ತಿರವಾಗಿ ಕಾಣುವುದು ಶ್ರೀರಾಮಪುರದವರು. ಹೂಗ್ಲಿ ದಂಡೆಯ ಈ ಊರಿನಿಂದಲೇ ವಿಲಿಯಂ ಕೇರಿ 1817ರಲ್ಲಿ ಕನ್ನಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದು ಅಚ್ಚು ಹಾಕಿಸಿದ್ದು. ಕಲ್ಕತ್ತೆ ಕನ್ನಡಿಗರು ಒಮ್ಮೆಯಾದರೂ ಹೋಗಿ ಬರಬೇಕಾದ ಜಾಗ. ಕೇರಿ, ಮಾರ್ಷ್‌ಮನ್, ವಾರ್ಡ್ ಮತ್ತು ಅವರ ಜೊತೆಗಾರರು 1805ರಲ್ಲಿ ತಮಗೆ ತಾವೇ ಒಂದು ಒಪ್ಪಂದ ಬರೆದುಕೊಂಡರು. ಈ ನಾಡಿನ ಜನರ ದೇವರುಗಳನ್ನು ಕಟುವಾಗಿ ಜರಿಯಬಾರದು, ವಿಗ್ರಹಗಳಿಗೆ ಹಾನಿ ಮಾಡಬಾರದು, ಅವರ ಪೂಜೆಗೆ ಅಡ್ಡಿ ಮಾಡಬಾರದು, ಗೆಲ್ಲುವುದಾದರೆ ಪ್ರೀತಿಯಿಂದಲೇ ಗೆಲ್ಲಬೇಕು ಅನ್ನುವ ಅರ್ಥದ ಮಾತುಗಳು ಅದರಲ್ಲಿವೆ. ವರ್ಷಕ್ಕೆ ಮೂರು ಸಲ ಅದನ್ನು ಗಟ್ಟಿಯಾಗಿ ಓದಬೇಕೆಂದೂ ಗೊತ್ತುಮಾಡಿಕೊಂಡರು.

ಆದರೆ ಎರಡೇ ವರ್ಷಕ್ಕೆ, 1807ರಲ್ಲಿ, ಅವರದೇ ಮುದ್ರಣಾಲಯದಿಂದ ಬಂದ ಪರ್ಷಿಯನ್ ಕರಪತ್ರವೊಂದರಲ್ಲಿ ಪ್ರವಾದಿ ಮಹಮ್ಮದರ ಬಗ್ಗೆ ಕಟುಮಾತುಗಳಿದ್ದವು. ಕಂಪನಿ ಸರ್ಕಾರ ಆಕ್ಷೇಪಿಸಿತು, ಇವರು ವಿಷಾದ ಸೂಚಿಸಬೇಕಾಯಿತು. ಇದನ್ನು ಓದಿದಾಗ ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ಒಂಥರಾ ಸಮಾಧಾನವಾಯಿತು. ವರ್ಷಕ್ಕೆ ಮೂರು ಸಲ ಓದಬೇಕು ಅಂತ ಬರೆದುಕೊಂಡದ್ದೇ ಅದಕ್ಕಿರಬೇಕು. ಸಾಧುತ್ವ ಒಮ್ಮೆ ಕಲಿತು ಮುಗಿಸುವ ಪಾಠವಲ್ಲ. ಮರೆತುಹೋಗುತ್ತೆ, ಮತ್ತೆ ಓದಬೇಕಾಗುತ್ತೆ.

ಈಗ ನೀವು ಕೇಳಬಹುದು: ಮೆತ್ತಗಿದ್ದರೆ ಮತ್ತೊಂದು ಗುದ್ದು ಬೀಳುವುದಿಲ್ಲವೇ? ಅದರಲ್ಲೂ ಪರ ಊರಲ್ಲಿ? ನಿಜ, ನಲವತ್ತು ವರ್ಷ ಆದರೂ ನಾವಿಲ್ಲಿ ಹೊರಗಿನವರೇ, ಬಾಯಿ ಜೋರಿಲ್ಲದಿದ್ದರೆ ಬದುಕಲಾಗದು ಅಂತ ನಾನೂ ನಂಬಿದ್ದೆ. ಆದರೆ ಯೇಸುವಿನ ವಿಚಾರಣೆ ನೆನಪು ಮಾಡಿಕೊಳ್ಳಿ. ಓಲೇಕಾರನೊಬ್ಬ ಕೆನ್ನೆಗೆ ಹೊಡೆದಾಗ ಅವನು ತಿರುಗಿ ಹೊಡೆಯಲಿಲ್ಲ. ಸುಮ್ಮನೂ ಇರಲಿಲ್ಲ. ನನ್ನ ಮಾತಿನಲ್ಲಿ ತಪ್ಪಿದ್ದರೆ ತೋರಿಸು, ಇಲ್ಲದಿದ್ದರೆ ಯಾಕೆ ಹೊಡೆದೆ ಅಂತ ನೇರವಾಗಿ ಕೇಳಿದ. ಯೋಹಾನನ ಸುವಾರ್ತೆಯ ಹದಿನೆಂಟನೇ ಅಧ್ಯಾಯದಲ್ಲಿದೆ. ಹೊಡೆಯದೆಯೂ ಕೇಳಬಹುದು. ಕೂಗದೆಯೂ ನಿಲ್ಲಬಹುದು.

ನಾನು ಇದನ್ನು ಉಲ್ಟಾ ಮಾಡಿದ್ದೆ. ನಮ್ಮ ಬಿಲ್ಡಿಂಗಿನ ಮೀಟಿಂಗಿನಲ್ಲಿ, ಮನೆಕೆಲಸದವರು ಲಿಫ್ಟ್ ಬಳಸಬಾರದು ಅಂತ ನಿರ್ಣಯ ಮಾಡಿದಾಗ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಸೌಮ್ಯವಾಗಿದ್ದೇನೆ ಅಂದುಕೊಂಡೆ. ಮಾತಾಡಬೇಕಾದಲ್ಲಿ ಮೌನ, ಸುಮ್ಮನಿರಬೇಕಾದಲ್ಲಿ ಕೂಗಾಟ!

ಈಗ ಎರಡು ಮೂರು ಸಣ್ಣ ಅಭ್ಯಾಸ ಮಾಡಿಕೊಂಡಿದ್ದೇನೆ. ಮನೆಯಿಂದ ಹೊರಡುವಾಗ ಜೇಬಿನಲ್ಲಿ ಚಿಲ್ಲರೆ ಇದೆಯೇ ಅಂತ ನೋಡಿಕೊಳ್ಳುತ್ತೇನೆ. ನಗಬೇಡಿ, ಅರ್ಧ ಸಿಟ್ಟು ಅಲ್ಲೇ ಹೋಗುತ್ತೆ. ಆಟೋದವರು, ರಿಕ್ಷಾದವರು, ಈಗ ಕೆಲಸಕ್ಕೆ ಬರುವಾಕೆ, ಎಲ್ಲರಿಗೂ 'ಆಪ್ನಿ' ಅನ್ನುತ್ತೇನೆ. ನಮ್ಮವ್ವ ಕಸ ಒಯ್ಯುವವರಿಗೂ 'ರೀ' ಹಚ್ಚಿ ಮಾತಾಡುತ್ತಿದ್ದಳು. ನನಗೇನೋ ಬಂಗಾಳಿ ಮಾತಾಡುತ್ತಾ ಅದು ಮರೆತೇಹೋಗಿತ್ತು. ತಪ್ಪಿ ಮಾತು ಜಾರಿದರೆ ಅವತ್ತೇ ಕ್ಷಮೆ ಕೇಳುವುದು, ಹದಿನೈದು ದಿನ ಬಿಟ್ಟಲ್ಲ.

ಈ ವರ್ಷದ ಮೀಟಿಂಗಿನಲ್ಲಿ ಎದ್ದು ನಿಂತು, ಆ ಲಿಫ್ಟಿನ ಬೋರ್ಡ್ ತೆಗೆಯಿರಿ ಅಂತ ಕೇಳಿದೆ. ದನಿ ಏರಿಸಲಿಲ್ಲ, ಕೈ ಮಾತ್ರ ನಡುಗುತ್ತಿತ್ತು. ಇಬ್ಬರು ಹೌದೆಂದರು, ಉಳಿದವರು ಮಾತು ಬದಲಾಯಿಸಿದರು. ಬೋರ್ಡ್ ಇನ್ನೂ ಅಲ್ಲೇ ಇದೆ. ಮುಂದಿನ ವರ್ಷ ಮತ್ತೆ ಕೇಳುತ್ತೇನೆ.

ನಿಮ್ಮ ಬಿಲ್ಡಿಂಗಿನಲ್ಲಿ ಹೇಗಿದೆ? ಪುಣೆಯಲ್ಲೋ ಮುಂಬಯಿಯಲ್ಲೋ ದುಬೈಯಲ್ಲೋ ಇರುವವರು ಒಂದು ಸಲ ಲಿಫ್ಟಿನ ಪಕ್ಕ ನೋಡಿ.