ತಪ್ಪು ರಿಮೂವರಿನದೇ?

“ರಿಮೂವರ್ ಕೆಲಸ ಮಾಡುವುದೇ ಇಲ್ಲ, ಮೇಷ್ಟ್ರೇ” ಎಂದು ದೂರುವ ಹಳೆಯ ವಿದ್ಯಾರ್ಥಿಗಳೊಡನೆಯೂ, ಅಜ್ಜನ ಬೀಟೆಮರದ ಕಪಾಟಿಗೆ ಕಾಸ್ಟಿಕ್ ಸೋಡಾ ಬಳಿಸಲು ಹೊರಟಿರುವ ಬಂಧುಗಳೊಡನೆಯೂ ನನಗೆ ಜಗಳವಿದೆ.

ಫ್ಯಾನಿನಡಿಯಲ್ಲಿ ತೆಳುವಾಗಿ ಸವರಿದರೆ ರಿಮೂವರ್ ಬಣ್ಣವನ್ನು ಮೆತ್ತಗಾಗಿಸುವ ಮೊದಲೇ ಆರಿಹೋಗುತ್ತದೆ. ದಪ್ಪನಾಗಿ ಬಳಿದು, ಪ್ಲಾಸ್ಟಿಕ್ ಹಾಳೆ ಮುಚ್ಚಿ ಕಾಯುವ ತಾಳ್ಮೆ ನಮಗಿಲ್ಲ. ಬಣ್ಣ ಎದ್ದ ಮೇಲೆ ಉಳಿಯುವ ಮೇಣವನ್ನು ಟರ್ಪೆಂಟೈನಿನಿಂದ ಒರೆಸದಿದ್ದರೆ ಹೊಸ ಪಾಲಿಶ್ ಹಿಡಿಯದು. ಇದರಲ್ಲಿ ಡಬ್ಬಿಯ ಅಪರಾಧವೇನು?

ಕಾಸ್ಟಿಕ್ ಸೋಡಾ ಅಗ್ಗ, ನಿಜ. ಅದು ಮರವನ್ನು ಕಪ್ಪಾಗಿಸುತ್ತದೆ, ಕೀಲುಗಳ ಹಳೆಯ ಅಂಟನ್ನೂ ಸಡಿಲಿಸುತ್ತದೆ. ಅಜ್ಜನ ಕಾಲದ ಕಪಾಟಿನ ಮೇಲಿರುವುದು ಬಹುಶಃ ಅರಗಿನ ಪಾಲಿಶ್. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಗೇ ಅದು ಕರಗುತ್ತದೆ. ಹಿಂಬದಿಯ ಮೂಲೆಯೊಂದರಲ್ಲಿ ಉಜ್ಜಿ ನೋಡಲು ಎಷ್ಟು ಹೊತ್ತು ಬೇಕು?

ನನ್ನ ನಿಜವಾದ ಸಿಟ್ಟು ಬೇರೆ. ಅನೇಕ ರಿಮೂವರುಗಳಲ್ಲಿರುವ ಮೆಥಿಲೀನ್ ಕ್ಲೋರೈಡ್ ದೇಹದೊಳಗೆ ಸೇರಿ ಕಾರ್ಬನ್ ಮಾನಾಕ್ಸೈಡನ್ನು ಹುಟ್ಟಿಸುತ್ತದೆ. ಅಮೆರಿಕವು 2019ರಲ್ಲಿ ಅಂಥ ರಿಮೂವರುಗಳನ್ನು ಮನೆಬಳಕೆಗೆ ಮಾರುವುದನ್ನು ನಿಷೇಧಿಸಿತು. ನಾವೋ, ಪಾಲಿಶ್ ಮಾಡುವ ಹುಡುಗನನ್ನು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕುಳ್ಳಿರಿಸಿ, ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳೆಂದು ಹೇಳಿ, ಹೊರಗೆ ಕಾಫಿ ಕುಡಿಯುತ್ತೇವೆ! ಕರವಸ್ತ್ರ ಧೂಳನ್ನು ತಡೆದೀತು, ಆವಿಯನ್ನಲ್ಲ. ಮೊದಲು ಆ ಕಪಾಟನ್ನು ನೆರಳಿರುವ ಜಗುಲಿಗೆ ಹೊರಿಸಿ.