ವಾಪಸು ಬಂದ ಈಮೇಲ್



ಹಿಂದೆ ನಮ್ಮ ಕಾಪುವಿನಲ್ಲಿ ವಿಳಾಸ ತಪ್ಪಿದ ಕಾಗದ ವಾಪಸು ಬಂದರೆ ಏನು ಮಾಡುತ್ತಿದ್ದೆವು? ಅಂಚೆಯವರು ಬರೆದ ಕಾರಣ ಓದಿ, ಲಕೋಟೆ ಬದಲಿಸಿ, ಮತ್ತೆ ಡಬ್ಬಕ್ಕೆ ಹಾಕುತ್ತಿದ್ದೆವು. ಈಮೇಲೂ ಅಷ್ಟೇ ಎಂದು ನನಗೆ ತಿಳಿದದ್ದು ಮೊನ್ನೆ ಮೊನ್ನೆ.

ಕಾರ್ಕಳದಲ್ಲಿರುವ ತಂಗಿಯ ಮಗಳು ಮಣಿಪಾಲದ ಒಂದು ಕೆಲಸಕ್ಕೆ ಅಂಕಪಟ್ಟಿಗಳನ್ನು ಸಂಜೆ 5ರೊಳಗೆ ಕಳಿಸಬೇಕಿತ್ತು. ಫೋನಿನಲ್ಲಿ ವಿಳಾಸ ಓದಿ ಹೇಳಿದವಳು ನಾನು. ಒಂದು ಅಕ್ಷರ ನುಂಗಿಬಿಟ್ಟೆ! ಕಳಿಸಿದ ಕೂಡಲೇ ಇಂಗ್ಲಿಷಿನಲ್ಲಿ ಏನೋ ಬಂತು. ಆಫೀಸಿನ ಉತ್ತರ ಇರಬೇಕೆಂದು ಹುಡುಗಿ ಸುಮ್ಮನಾದಳು. ನಾಲ್ಕೂವರೆಗೆ ತೆರೆದು ಓದಿದರೆ, ಪತ್ರ ತಲುಪಿಯೇ ಇಲ್ಲ! “ದೊಡ್ಡಮ್ಮಾ, ಇನ್ನು ಎಂಥ ಮಾಡುದು?” ಎಂದು ಅಳು. ಉಡುಪಿಯಿಂದ ನನ್ನ ಮಗ ಫೋನಿನಲ್ಲೇ ದಾರಿ ಹೇಳಿಕೊಟ್ಟ. 5ಕ್ಕೆ ಹತ್ತು ನಿಮಿಷ ಇರುವಾಗ ಪತ್ರ ಹೋಯಿತು.

ನೀವೂ ಕಲಿತಿಟ್ಟುಕೊಳ್ಳಿ. ‘ಮೇಲ್ ಡೆಲಿವರಿ ಸಬ್‌ಸಿಸ್ಟಮ್’ ಅಥವಾ ‘ಮೇಲರ್ ಡೀಮನ್’ ಹೆಸರಿನಲ್ಲಿ ಬರುವುದು ಉತ್ತರವಲ್ಲ, ವಾಪಸಿನ ಚೀಟಿ. ಅದರೊಳಗಿನ ಕಾರಣದ ಸಂಖ್ಯೆ 5ರಿಂದ ಶುರುವಾದರೆ ನೀವೇ ಸರಿಪಡಿಸಿ ಕಳಿಸಬೇಕು: ವಿಳಾಸ ತಪ್ಪಿರಬಹುದು, ಲಗತ್ತು ಭಾರವಾಗಿರಬಹುದು. 4ರಿಂದ ಶುರುವಾದರೆ ಸಾಮಾನ್ಯವಾಗಿ ತಾತ್ಕಾಲಿಕ ತಡೆ. ಸ್ವಲ್ಪ ಕಾಯಿರಿ, ಅದೇ ಮತ್ತೆ ಪ್ರಯತ್ನಿಸುತ್ತದೆ.

ಎಲ್ಲ ಪುನಃ ಬರೆಯುವುದು ಬೇಡ. ನಿಮ್ಮ ಪ್ರತಿ ‘ಸೆಂಟ್’ ಎಂಬಲ್ಲಿ ಭದ್ರವಾಗಿರುತ್ತದೆ.

ಜಿಮೇಲ್: ಆ ಪತ್ರ ತೆರೆದು ‘ಫಾರ್ವರ್ಡ್’ ಒತ್ತಿ. ‘ರಿಪ್ಲೈ’ ಒತ್ತಿದರೆ ಲಗತ್ತು ಜೊತೆಗೆ ಬರುವುದಿಲ್ಲ. ಮೇಲೆ ಸೇರಿಕೊಂಡ ‘ಫಾರ್ವರ್ಡೆಡ್ ಮೆಸೇಜ್’ ಸಾಲುಗಳನ್ನು ಅಳಿಸಿ.

ಥಂಡರ್‌ಬರ್ಡ್: ಪತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಎಡಿಟ್ ಆ್ಯಸ್ ನ್ಯೂ ಮೆಸೇಜ್’ ಆರಿಸಿ.

ಕಂಪ್ಯೂಟರಿನ ಹಳೆಯ ಔಟ್‌ಲುಕ್: ಪತ್ರವನ್ನು ಬೇರೆ ಕಿಟಕಿಯಲ್ಲಿ ತೆರೆದು, ‘ಆಕ್ಷನ್ಸ್’ ಒಳಗೆ ‘ರೀಸೆಂಡ್ ದಿಸ್ ಮೆಸೇಜ್’.

ಆಪಲ್ ಕಂಪ್ಯೂಟರಿನ ಮೇಲ್: ‘ಮೆಸೇಜ್’ ಪಟ್ಟಿಯಲ್ಲಿ ‘ಸೆಂಡ್ ಅಗೇನ್’.

ಕಳಿಸುವ ಮೊದಲು ಹಳೆಯ ವಿಳಾಸ ಅಳಿಸಿ, ಹೊಸದನ್ನು ಅಕ್ಷರ ಅಕ್ಷರ ಓದಿ. ಲಗತ್ತು ಇದೆಯೋ ನೋಡಿ. ಜಿಮೇಲಿನಲ್ಲಿ 25 ಎಂಬಿಗಿಂತ ದೊಡ್ಡ ಲಗತ್ತು ನೇರವಾಗಿ ಹೋಗದು.

ಒಂದು ಎಚ್ಚರಿಕೆ. ನೀವು ಕಳಿಸದೇ ಇದ್ದ ಪತ್ರ ‘ವಾಪಸು ಬಂದಿದೆ’ ಎಂದರೆ ಅದರೊಳಗಿನ ಕೊಂಡಿ ಒತ್ತಬೇಡಿ, ಪಾಸ್‌ವರ್ಡ್ ಕೊಡಲೇಬೇಡಿ. ಮೋಸ ಇದ್ದೀತು.

ಮೊದಲ ದೋಸೆ ಕಾವಲಿಗೆ ಅಂಟಿತೆಂದು ಹಿಟ್ಟನ್ನೇ ಚೆಲ್ಲುತ್ತೇವೆಯೇ? ಇದೂ ಹಾಗೆಯೇ. ಅಂದ ಹಾಗೆ, ಹುಡುಗಿಗೆ ಸಂದರ್ಶನಕ್ಕೆ ಕರೆ ಬಂದಿದೆ. ನನ್ನ ಎದೆ ಈಗ ಹಗುರ!