ಲಗ್ನದ ಕುದುರೆಗೆ ಚೀಟಿ ಕೇಳುವವರು ಯಾರು?

ಬಂಕಾಪುರದ ಕೋಟೆಯೊಳಗೆ ಖಿಲಾರಿ ದನಗಳಿಗೆ ಸರಕಾರದ್ದೇ ತಳಿ ಸಂವರ್ಧನಾ ಕೇಂದ್ರವಿದೆ. ದನಗಳಿಗೆ ಕಾಲುಬಾಯಿ ಬೇನೆಯ ಲಸಿಕೆಯೂ ಪುಕ್ಕಟೆ. ಪಾಪ, ಕುದುರೆಯ ನೆನಪು ಜನರಿಗೆ ಆಗುವುದು ಲಗ್ನದ ಸೀಜನ್ನಿನಲ್ಲಿ ಮಾತ್ರ. ಅದೂ ಮದುಮಗನನ್ನು ಹೊರಲಿಕ್ಕೆ!

ಕುದುರೆ ಗೊತ್ತು ಮಾಡುವವರು ಬಾಡಿಗೆ ಎಷ್ಟು ಅಂತಾರೆ, ಬ್ಯಾಂಡಿನ ಸಪ್ಪಳಕ್ಕೆ ಬೆದರೂದಿಲ್ಲ ಹೌದಲ್ಲೋ ಅಂತಾರೆ. ರಕ್ತ ಪರೀಕ್ಷೆ ಮಾಡಿಸಿದ ಚೀಟಿ ಐತೇನು ಅಂತ ಕೇಳಿದವರನ್ನು ದೀಪ ಹಚ್ಚಿ ಹುಡುಕಬೇಕು.

ಕೇಳಬೇಕಾದ ಕಾರಣವಿದೆ. ಗ್ಲ್ಯಾಂಡರ್ಸ್ ಎಂಬ ರೋಗ ಕುದುರೆ, ಕತ್ತೆ, ಹೇಸರಗತ್ತೆಗೆ ಬರುತ್ತದೆ. ಮೂಗಿನಿಂದ ಕೀವಿನಂಥ ಸಿಂಬಳ, ಮೈಮೇಲೆ ಗಂಟು, ಒಡೆದರೆ ಹುಣ್ಣು. ಒಂದೇ ಬಾನಿಯ ನೀರು ಕುಡಿದರೂ ಒಂದರಿಂದ ಒಂದಕ್ಕೆ ಅಂಟುತ್ತದೆ. ಲಸಿಕೆ ಇಲ್ಲ. ಲಗಾಮು ಹಿಡಿದ ಮನುಷ್ಯನಿಗೂ ತಗಲಬಹುದು, ತಗಲಿದರೆ ಜೀವಕ್ಕೇ ಸಂಚಕಾರ. ದೂರದ ಮಾತೂ ಅಲ್ಲ. 2025ರಲ್ಲಿ ಬೆಂಗಳೂರಿನ ಡಿ.ಜೆ. ಹಳ್ಳಿಯಲ್ಲಿ ಕುದುರೆಗೆ ಈ ರೋಗ ಪತ್ತೆಯಾಗಿ, ಸುತ್ತಲಿನ ಪ್ರದೇಶವನ್ನು ರೋಗಪೀಡಿತವೆಂದು ಸಾರಬೇಕಾಯಿತು.

ಕಾಯ್ದೆಗೇನು ಬರಗಾಲವಿಲ್ಲ. ಬ್ರಿಟಿಷರು 1899ರಲ್ಲೇ ಗ್ಲ್ಯಾಂಡರ್ಸ್ ಕಾಯ್ದೆ ತಂದಿದ್ದರು. ದಂಡಿನ ಕುದುರೆ ಉಳಿಯಬೇಕಲ್ಲ! ಅದನ್ನು ರದ್ದು ಮಾಡಿ 2009ರಲ್ಲಿ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆ ಬಂತು. ಇದರ ಪ್ರಕಾರ ಸಂಶಯ ಬಂದ ಕೂಡಲೇ ಮಾಲೀಕ ಊರಿನ ಅಧಿಕಾರಿಗೋ ಪಂಚಾಯತಿಗೋ ತಿಳಿಸಬೇಕು, ಪ್ರಾಣಿಯನ್ನು ಬೇರೆ ಕಟ್ಟಬೇಕು. ಪಶುವೈದ್ಯರು ಪರೀಕ್ಷೆಗೆ ಮಾದರಿ ತೆಗೆಯಬಹುದು. ರೋಗ ಸಾರಿದ ಪ್ರದೇಶದಿಂದ ಕುದುರೆ ದಾಟಿಸುವಂತಿಲ್ಲ.

ತೊಡಕು ಇಲ್ಲೇ ಇದೆ. ಕಾಯ್ದೆ ಎಚ್ಚರಾಗುವುದು ಸಂಶಯ ಬಂದ ಮೇಲೆ. ಈ ರೋಗವೋ, ಹೊರಗೆ ಕಾಣದೆ ತಿಂಗಳುಗಟ್ಟಲೆ ಒಳಗೇ ಕೂತಿರಬಲ್ಲದು. ಅಷ್ಟರಲ್ಲಿ ಆ ಕುದುರೆ ಶಿಗ್ಗಾಂವಿ, ಸವಣೂರು, ಹಾನಗಲ್ಲಿನ ಮೆರವಣಿಗೆ ಮುಗಿಸಿರುತ್ತದೆ. ಕುರಿಗಾರರ ಹೇರು ಹೊರುವ ಕುದುರೆಗಂತೂ ಜಿಲ್ಲೆಯ ಗಡಿಯೇ ಗೊತ್ತಿಲ್ಲ.

ಬಡ ಮಾಲೀಕ ತಾನಾಗಿ ಬಂದು ಹೇಳಲಿ ಎಂದರೆ ಹೇಗೆ? ರೋಗ ಖಾತ್ರಿಯಾದರೆ ಔಷಧ ಕೊಡುವುದಿಲ್ಲ, ಕುದುರೆಯನ್ನೇ ಕೊಂದು ಹೂಳುತ್ತಾರೆ. ಪರಿಹಾರ ಕುದುರೆಗೆ 25,000, ಕತ್ತೆ, ಹೇಸರಗತ್ತೆಗೆ 16,000 ರೂಪಾಯಿ ಎಂದು ಗೊತ್ತು ಮಾಡಲಾಗಿತ್ತು. ಅಷ್ಟಕ್ಕೆ ಮತ್ತೊಂದು ಒಳ್ಳೆ ಕುದುರೆ ಎಲ್ಲಿ ಸಿಗುತ್ತದೆ? ಅಲ್ಲೀವರೆಗೆ ಹೊಟ್ಟೆಪಾಡೇನು? ಬಾಯಿ ಮುಚ್ಚಿಕೊಂಡು ಕೂಡುವುದೇ ಲೇಸು ಅಂತ ಅವ ಅಂದುಕೊಂಡರೆ ಬೈಯುವುದು ಸುಲಭ.

ಮಾಲೀಕನ ಕಡೆ ಬೆರಳು ತೋರಿಸುವ ಮೊದಲು ಇಲಾಖೆ ತಾನೇ ಕುದುರೆ ಇದ್ದಲ್ಲಿಗೆ ಬರಲಿ. ಲಗ್ನದ ಸೀಜನ್ ಶುರುವಾಗುವ ಮುಂಚೆ ಒಂದು ದಿನ, ಕುರಿ ಹಿಂಡು ಇಳಿದ ಹೊಲದಲ್ಲಿ ಒಂದು ದಿನ, ಪುಕ್ಕಟೆ ರಕ್ತ ತೆಗೆಯಲಿ. ಬೇಕಾದರೆ ಹರಿಯಾಣದ ಹಿಸಾರಿನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದವರೆಗೂ ಮಾದರಿ ಕಳಿಸಲಿ. ಪರಿಹಾರದ ದುಡ್ಡು ಇಂದಿನ ಸಂತೆಯ ದರ ನೋಡಿ ಏರಿಸಲಿ, ಕುದುರೆ ಹೂಳಿದ ವಾರದೊಳಗೆ ಕೈಗೆ ಮುಟ್ಟಿಸಲಿ. ಬೀಗರ ಮನೆಯವರೂ ಮುಂಗಡ ಕೊಡುವ ಮುಂಚೆ ಚೀಟಿ ತೋರಿಸ್ರೀ ಅನ್ನಲಿ.